ಉಳಿದವನ ಮಾತು: ‘ಛಲಮನೆ ಮೆರೆವೆಂ’ ಬೋಧನೆಯಲ್ಲಿ ನಾವು ಬಿಟ್ಟುಬಿಡುವ ಸಂದರ್ಭ

ಬೋಧನಾಭ್ಯಾಸದ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋಗುವುದು ನನ್ನ ಕೆಲಸ. ಕನ್ನಡ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳು ಹತ್ತನೆಯ ತರಗತಿಗೆ ಹಳಗನ್ನಡ ಪದ್ಯವೊಂದನ್ನು ಆರಿಸಿಕೊಳ್ಳಬೇಕಾದಾಗ ಬಹಳ ಸಲ ರನ್ನನ ‘ಛಲಮನೆ ಮೆರೆವೆಂ’ ಪಾಠವನ್ನೇ ಆರಿಸುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಪಾತ್ರಗಳು ಎರಡೇ, ಗಟ್ಟಿಯಾಗಿ ಓದಿದರೆ ತರಗತಿ ಹಿಡಿತಕ್ಕೆ ಬರುತ್ತದೆ. ಇಂಥ ಪಾಠಗಳನ್ನು ನಾನು ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಅವುಗಳಲ್ಲಿ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಊರು ಮತ್ತು ವಿದ್ಯಾರ್ಥಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಶಿಕ್ಷಣಾರ್ಥಿ ಪದ್ಯಗಳನ್ನು ಚೆನ್ನಾಗಿ ವಾಚಿಸಿದರು, ಪದಗಳನ್ನು ಬಿಡಿಸಿದರು, ಭಾವಾರ್ಥ ಹೇಳಿದರು. ನಂತರ ಕೇಳಿದರು: “ಭೀಷ್ಮರು ಹೇಳಿದಂತೆ ದುರ್ಯೋಧನ ಸಂಧಿ ಮಾಡಿಕೊಳ್ಳಬಹುದಿತ್ತಲ್ಲ, ಏಕೆ ಮಾಡಿಕೊಳ್ಳಲಿಲ್ಲ?” ಮುಂದಿನ ಬೆಂಚಿನಿಂದ “ಛಲ ಮೇಡಂ” ಎಂದು ನಾಲ್ಕಾರು ದನಿ ಬಂದವು. ಹಿಂದೆ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತ. “ಹೆಂಗ್ ಮಾಡ್ಕಂತಾನ್ ಮೇಡಂ? ತಮ್ಮ ಸತ್ತಾನೆ. ತಾನೊಬ್ನೇ ಉಳ್ಕಂಡು ಏನ್ ಸಂಧಿ ಮಾಡ್ಕಂತಾನೆ?” ತರಗತಿಯಲ್ಲಿ ಸಣ್ಣ ನಗು ಎದ್ದಿತು. ಪ್ರಶಿಕ್ಷಣಾರ್ಥಿ, “ಸರಿ, ಕೂತ್ಕೋ. ಅದನ್ನೇ ಛಲ ಅನ್ನೋದು. ಎಲ್ಲರೂ ಬರೆದುಕೊಳ್ಳಿ” ಎಂದು ಕಪ್ಪುಹಲಗೆಯ ಕಡೆ ತಿರುಗಿದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಪ್ರಶ್ನಿಸುವ ಕೌಶಲ ಉತ್ತಮ, ಸಮಯಪಾಲನೆ ಉತ್ತಮ’ ಎಂದು ಬರೆದು ಸಹಿ ಹಾಕಿದೆ.

ಚಹಾ ಕುಡಿಯುವಾಗ ಮುಖ್ಯೋಪಾಧ್ಯಾಯರು ಆ ಹುಡುಗನ ವಿಷಯ ಹೇಳಿದರು. ಹಿಂದಿನ ಬೇಸಿಗೆ ರಜೆಯಲ್ಲಿ ಅವನೂ ಅವನ ತಮ್ಮನೂ ಹೊಲವೊಂದರ ಕೃಷಿಹೊಂಡದಲ್ಲಿ ಈಜಲು ಇಳಿದಿದ್ದರು. ಅಣ್ಣ ಮೇಲೆ ಬಂದ, ತಮ್ಮ ಬರಲಿಲ್ಲ. ಅಂದಿನಿಂದ ಅವನು ತರಗತಿಯಲ್ಲಿ ಬಾಯಿ ಬಿಡುವುದೇ ಕಡಿಮೆಯಂತೆ.

ಅವನು ಬಾಯಿ ಬಿಟ್ಟ ದಿನ ನಾವಿಬ್ಬರು ಶಿಕ್ಷಕರು ಅಲ್ಲಿದ್ದೆವು. ಒಬ್ಬರು ಕುಳಿತುಕೋ ಎಂದರು, ಇನ್ನೊಬ್ಬರು ಅದಕ್ಕೆ ಉತ್ತಮ ಎಂದು ಬರೆದರು. ಆಮೇಲೆ ರನ್ನನ ಗದಾಯುದ್ಧವನ್ನು ಮತ್ತೆ ಓದಿದಾಗ ಇನ್ನೊಂದು ವಿಷಯ ತಿಳಿಯಿತು. ಆ ಹುಡುಗನ ಉತ್ತರ ಅವನ ನೋವಿನಿಂದ ಬಂದದ್ದು ನಿಜ. ಅದರ ಜೊತೆಗೆ, ಆ ದಿನ ತರಗತಿಯಲ್ಲಿ ಬಂದ ಉತ್ತರಗಳಲ್ಲಿ ಪದ್ಯಕ್ಕೆ ಹೆಚ್ಚು ಹತ್ತಿರವಾದದ್ದೂ ಅದೇ ಆಗಿತ್ತು. ಅಂದರೆ ನಾವು ಮಗುವನ್ನೂ ಕೇಳಿಸಿಕೊಳ್ಳಲಿಲ್ಲ, ಕವಿಯನ್ನೂ ಕೇಳಿಸಿಕೊಳ್ಳಲಿಲ್ಲ.

ಉಳಿದವರ ತಪ್ಪಿತಸ್ಥ ಭಾವ

ಜೊತೆಯಲ್ಲಿದ್ದವರು ಸತ್ತು ತಾನು ಉಳಿದಾಗ, ಉಳಿದದ್ದೇ ತನ್ನ ತಪ್ಪು ಎಂದು ಕಾಡುವ ಭಾವವನ್ನು ಮನೋವಿಜ್ಞಾನ ಪ್ರತ್ಯೇಕವಾಗಿ ಗುರುತಿಸಿದೆ. ಎರಡನೆಯ ಮಹಾಯುದ್ಧದ ನಾಜಿ ಶಿಬಿರಗಳಿಂದ ಬದುಕಿ ಬಂದವರನ್ನು ಪರೀಕ್ಷಿಸಿದ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಅವರಲ್ಲಿ ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್ 1960ರ ದಶಕದಲ್ಲಿ ಬರೆದ ಲೇಖನಗಳು ಹೆಸರಾದವು. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಮೊದಲ ಸಲ ಸೇರಿಸಿದಾಗ, ಅದರ ಲಕ್ಷಣಗಳಲ್ಲಿ ಈ ಭಾವವೂ ಇತ್ತು.

ಯುದ್ಧವೇ ಆಗಬೇಕೆಂದಿಲ್ಲ. ಹೆದ್ದಾರಿಯಲ್ಲಿ ಬೈಕು ಬಿದ್ದಾಗ ಹಿಂದೆ ಕುಳಿತವನು ಉಳಿದರೆ, ಕೋವಿಡ್‌ನಲ್ಲಿ ಮನೆಗೆ ಮೊದಲು ಜ್ವರ ತಂದ ಮಗ ಗುಣವಾಗಿ ಅಪ್ಪ ತೀರಿಕೊಂಡರೆ, ಅಲ್ಲಿಯೂ ಇದು ಬರುತ್ತದೆ. ನಮ್ಮ ಭಾಗಕ್ಕೆ ಕೃಷಿಹೊಂಡದ ಮಾತು ಸೇರಿಸಲೇಬೇಕು. 2014–15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಬೆಳೆಗೆ ಅವು ಆಸರೆ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬಂದರೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಇಳಿದವರಲ್ಲಿ ಒಬ್ಬ ಹೊರಗೆ ಬಂದು ಇನ್ನೊಬ್ಬ ಬರದಿದ್ದರೆ, ಬಂದವನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಹರೆಯದ ಮಕ್ಕಳಲ್ಲಿ ಇದು ಮೂರು ಬಗೆಯ ಮಾತಾಗಿ ಕಾಣಿಸಿಕೊಳ್ಳುತ್ತದೆ. ‘ನಾನು ಹಾಗೆ ಮಾಡಿದ್ದರೆ ಅವನು ಉಳಿಯುತ್ತಿದ್ದ’ ಎಂಬುದು ಮೊದಲನೆಯದು. ‘ಅವನ ಬದಲು ನಾನೇ ಹೋಗಬೇಕಿತ್ತು’ ಎಂಬುದು ಎರಡನೆಯದು. ‘ಇನ್ನು ನಾನು ನಗಬಾರದು, ಹೊಸ ಅಂಗಿ ಹಾಕಬಾರದು, ಆಟ ಆಡಬಾರದು’ ಎಂಬುದು ಮೂರನೆಯದು. ಮೂರನೆಯದನ್ನು ಮಕ್ಕಳು ಬಾಯಲ್ಲಿ ಹೇಳುವುದಿಲ್ಲ. ಕಬಡ್ಡಿ ತಂಡದಿಂದ ಹೆಸರು ತೆಗೆಸುತ್ತಾರೆ, ಶಾಲಾ ಪ್ರವಾಸಕ್ಕೆ ಬರುವುದಿಲ್ಲ ಎನ್ನುತ್ತಾರೆ. ಕೆಲವರು ಸಿಟ್ಟಾಗುತ್ತಾರೆ. ಆ ಸಿಟ್ಟನ್ನು ನಾವು ಶಿಸ್ತಿನ ಸಮಸ್ಯೆ ಎಂದು ದಾಖಲಿಸುತ್ತೇವೆ.

ಹಿರಿಯರು ಇದಕ್ಕೆ ಕೊಡುವ ಔಷಧಿ ಒಂದೇ: “ನಿನ್ನ ತಪ್ಪೇನಿಲ್ಲ ಬಿಡಪ್ಪ, ಮರೆತುಬಿಡು.” ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ನಾಟುವುದಿಲ್ಲ. ತಪ್ಪು ನನ್ನದು ಎಂದುಕೊಂಡರೆ ನಡೆದದ್ದಕ್ಕೆ ಒಂದು ಕಾರಣ ಸಿಕ್ಕಂತಾಗುತ್ತದೆ. ಯಾವ ಕಾರಣವೂ ಇಲ್ಲದೆ, ಯಾರ ಮೇಲಾದರೂ, ಯಾವ ದಿನವಾದರೂ ಸಾವು ಬರಬಹುದು ಎಂದು ಒಪ್ಪುವುದಕ್ಕಿಂತ ತನ್ನನ್ನು ದೂರಿಕೊಳ್ಳುವುದು ಮಗುವಿಗೆ ಸುಲಭ. ಆ ಕಾರಣವನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡರೆ ಮಗು ಬರಿಗೈಯಾಗುತ್ತದೆ. ಆದ್ದರಿಂದ ಬಿಡು ಎನ್ನುವ ಮೊದಲು ಅವನು ಹಿಡಿದುಕೊಂಡಿರುವುದನ್ನು ಪೂರ್ತಿ ಹೇಳಲು ಬಿಡಬೇಕು.

ರನ್ನನ ದುರ್ಯೋಧನ ಎಲ್ಲಿಂದ ನಡೆದು ಬಂದ?

ಈಗ ಪದ್ಯಕ್ಕೆ ಬರೋಣ. ನಮ್ಮ ಪಾಠಯೋಜನೆಗಳಲ್ಲಿ ‘ಛಲಮನೆ ಮೆರೆವೆಂ’ ಶರಶಯ್ಯೆಯಲ್ಲಿರುವ ಭೀಷ್ಮನ ಎದುರು ಶುರುವಾಗುತ್ತದೆ. ಕಾವ್ಯದಲ್ಲಿ ದುರ್ಯೋಧನ ಅಲ್ಲಿಗೆ ನಡೆದುಬಂದಿದ್ದಾನೆ. ಆ ನಡಿಗೆಯನ್ನು ಬಿಟ್ಟು ಪಾಠ ಮಾಡಿದರೆ ಅವನ ಮಾತಿನ ಅರ್ಥವೇ ಬದಲಾಗುತ್ತದೆ.

ಯುದ್ಧ ಮುಗಿಯುತ್ತ ಬಂದಿದೆ. ಧೃತರಾಷ್ಟ್ರ, ಗಾಂಧಾರಿ ಬಂದು ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ಮಗ ಒಪ್ಪುವುದಿಲ್ಲ. ಹಾಗಾದರೆ ಭೀಷ್ಮನನ್ನಾದರೂ ಕಂಡು ಬಾ ಎನ್ನುತ್ತಾರೆ. ದುರ್ಯೋಧನ ಸಂಜಯನೊಂದಿಗೆ ರಣಭೂಮಿಯ ನಡುವೆ ನಡೆದು ಹೋಗುತ್ತಾನೆ. ದಾರಿಯುದ್ದಕ್ಕೂ ಹೆಣಗಳು. ಗುರು ದ್ರೋಣನನ್ನು ಕಾಣುತ್ತಾನೆ. ವೈರಿಯ ಮಗ ಅಭಿಮನ್ಯುವನ್ನು ಕಂಡು ಅವನ ಶೌರ್ಯವನ್ನು ಮೆಚ್ಚುತ್ತಾನೆ. ತನ್ನ ಮಗ ಲಕ್ಷಣಕುಮಾರನನ್ನು ಕಾಣುತ್ತಾನೆ. ತಂದೆಗೆ ಮಗ ತರ್ಪಣ ಬಿಡುವುದು ಕ್ರಮ, ಈಗ ಮಗನಿಗೆ ತಂದೆ ಬಿಡುವಂತಾಯಿತಲ್ಲ ಎಂದು ಗೋಳಿಡುತ್ತಾನೆ. ಮುಂದೆ ತಮ್ಮ ದುಶ್ಶಾಸನ. ತಾಯ ಹಾಲಿನಿಂದ ಹಿಡಿದು ಎಲ್ಲವನ್ನೂ ಮೊದಲು ನಾನು, ನಂತರ ನೀನು ಎಂಬಂತೆ ಬೆಳೆದವರು ನಾವು, ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿತಲ್ಲ ಎನ್ನುತ್ತಾನೆ. ನಿನ್ನನ್ನು ಕೊಂದವನು ಇನ್ನೂ ಬದುಕಿದ್ದಾನೆ, ಅವನನ್ನು ಕೊಲ್ಲದ ನಾನೂ ಇನ್ನೂ ಉಸಿರಾಡುತ್ತಿದ್ದೇನೆ ಎಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಕೊನೆಗೆ ಕರ್ಣ. ಅವನು ಯಾರ ಮಗನೆಂಬುದು ತನಗೆ ಗೊತ್ತಿತ್ತು ಎಂದು ದುರ್ಯೋಧನ ಹೇಳುವುದು ಆ ಹೆಣದ ಮುಂದೆಯೇ.

ಇಷ್ಟನ್ನು ದಾಟಿ ಬಂದವನಿಗೆ ಭೀಷ್ಮ ಹೇಳುತ್ತಾನೆ: ಸಂಧಿ ಮಾಡಿಕೋ. ಆಗ ಬರುವ ಉತ್ತರವೇ ನಮ್ಮ ಪಾಠ. ನಾನು ನೆಲಕ್ಕಾಗಿ ಹೋರಾಡುತ್ತಿಲ್ಲ, ಛಲಕ್ಕಾಗಿ ಎನ್ನುತ್ತಾನೆ. ಇದು ಎಲ್ಲರಿಗೂ ನೆನಪಿರುವ ಭಾಗ. ಅದರ ಅಕ್ಕಪಕ್ಕದಲ್ಲಿ ಅವನು ಹೇಳುವುದನ್ನೂ ನೋಡಿ: ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ನಾನು ಮತ್ತೆ ಬಾಳಲೇ? ಮಕ್ಕಳೂ ಒಡಹುಟ್ಟಿದವರೂ ಹೋರಾಡಿ ಸತ್ತ ಮೇಲೆ ನಾನು ಸುಮ್ಮನಿರಲೇ? ಕರ್ಣನನ್ನು ಕೊಂದ ಅರ್ಜುನ, ದುಶ್ಶಾಸನನನ್ನು ಕೊಂದ ಭೀಮ ಇರುವವರೆಗೆ ಸಂಧಿ ಎಲ್ಲಿಯದು? ಪ್ರತಿ ವಾದದ ಕೆಳಗೂ ಒಂದು ಹೆಣವಿದೆ. ರಾಜ್ಯದ ಲೆಕ್ಕ ಹಾಕುವವನ ಮಾತು ಇದಲ್ಲ. ಸತ್ತವರ ಮುಂದೆ ತಾನು ಉಳಿದದ್ದಕ್ಕೆ ಲೆಕ್ಕ ಒಪ್ಪಿಸುತ್ತಿರುವವನ ಮಾತು.

ಇದನ್ನು ಛಲ ಎನ್ನುವುದು ತಪ್ಪಲ್ಲ. ಪದ್ಯವೇ ಹಾಗೆ ಕರೆದಿದೆ. ಆದರೆ ಛಲ ಎಂಬುದು ಅವನು ತನ್ನ ಸಂಕಟಕ್ಕೆ ಹೊರಗಿನಿಂದ ತೊಡಿಸಿದ ಹೆಸರು. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ನಮ್ಮ ಮಕ್ಕಳನ್ನು ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಎಂದು ಕೇಳುತ್ತದೆ. ಆ ರಣಭೂಮಿಯ ನಡಿಗೆ ಇಲ್ಲದ ಸಂದರ್ಭ ಅರ್ಧ ಸಂದರ್ಭ.

ಒಂದು ಎಚ್ಚರಿಕೆ ಅಗತ್ಯ. ದುರ್ಯೋಧನ ನಿರಪರಾಧಿಯಲ್ಲ. ದ್ಯೂತ, ದ್ರೌಪದಿಯ ಅವಮಾನ, ಸಂಧಿಗೆ ಬಂದ ಕೃಷ್ಣನನ್ನು ಬರಿಗೈಯಲ್ಲಿ ಕಳಿಸಿದ್ದು, ಇವೆಲ್ಲ ಅವನ ಕೆಲಸ. ಅವನಲ್ಲಿ ಎರಡು ಹೊರೆಗಳಿವೆ: ಮಾಡಿದ್ದರ ಹೊರೆ, ಉಳಿದದ್ದರ ಹೊರೆ. ನೀರಿಗಿಳಿದು ಬದುಕಿ ಬಂದ ಹುಡುಗನಲ್ಲಿರುವುದು ಎರಡನೆಯದು. ಆದರೆ ಅವನು ಅದನ್ನು ಮೊದಲನೆಯದೆಂದೇ ನಂಬಿರುತ್ತಾನೆ. ಈ ಎರಡನ್ನು ಬೇರೆಬೇರೆಯಾಗಿ ತೋರಿಸಲು ದುರ್ಯೋಧನನಿಗಿಂತ ಒಳ್ಳೆಯ ಪಾತ್ರ ನಮ್ಮ ಪಠ್ಯದಲ್ಲಿಲ್ಲ. ಹಾಗೆಂದು ಹುಡುಗನನ್ನು ಅವನಿಗೆ ಹೋಲಿಸುವ ಮಾತು ಶಿಕ್ಷಕರ ಬಾಯಿಂದ ಎಂದೂ ಬರಬಾರದು.

ಸಾವಿಗೆ ನಾವು ಕೊಡುವ ಪೂರ್ಣಾಂಕ

ನಮ್ಮ ಮಕ್ಕಳಿಗೆ ಗೊತ್ತಿರುವ ಬೇರೆ ಕಥೆಗಳನ್ನೂ ಈ ಕಣ್ಣಿನಿಂದ ನೋಡಿದೆ. ‘ಕೆರೆಗೆ ಹಾರ’ದಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳುವುದಿಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನವಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಸುದ್ದಿ ತಿಳಿದು ಅದೇ ಕೆರೆಗೆ ಹಾರುತ್ತಾನೆ. ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿಯ ಮುಂದೆ ನಾಚಿದ ಹುಲಿ ಪ್ರಾಣ ಬಿಡುತ್ತದೆ. ದುರ್ಯೋಧನನೂ ಕೊನೆಗೆ ಸಾವಿನ ಕಡೆಗೇ ನಡೆಯುತ್ತಾನೆ.

ಮೂರರಲ್ಲೂ ಹೊರೆ ಹೊತ್ತವನು ಸತ್ತು ಅದನ್ನು ಇಳಿಸುತ್ತಾನೆ. ನಾವು ಅದಕ್ಕೆ ತ್ಯಾಗ, ಪಶ್ಚಾತ್ತಾಪ, ಛಲ ಎಂದು ಮೌಲ್ಯದ ಹೆಸರು ಕೊಟ್ಟು ಕಪ್ಪುಹಲಗೆಯಲ್ಲಿ ಬರೆಸುತ್ತೇವೆ. ಕಾವ್ಯಕ್ಕೆ ಹಾಗೆ ಮುಗಿಯುವ ಹಕ್ಕಿದೆ. ಆದರೆ ‘ಅವನ ಬದಲು ನಾನೇ ಹೋಗಬೇಕಿತ್ತು’ ಎಂದು ರಾತ್ರಿಯೆಲ್ಲ ಯೋಚಿಸುವ ಮಗು ಹಿಂದಿನ ಬೆಂಚಿನಲ್ಲಿದ್ದರೆ, ನಾವು ಆ ಮುಕ್ತಾಯವನ್ನು ಹೊಗಳಿದ್ದು ಆ ಮಗುವಿನ ಕಿವಿಗೆ ಹೇಗೆ ಬೀಳುತ್ತದೆ? ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದು: ಉಳಿದವನು ಸಾಯುವ ಪಠ್ಯವನ್ನು ಕಲಿಸುವಾಗ, ಅವನು ಉಳಿಯಬಹುದಾಗಿದ್ದ ದಾರಿಯನ್ನೂ ತರಗತಿ ಒಮ್ಮೆ ಯೋಚಿಸಬೇಕು.

ಆ ದಾರಿ ನಮ್ಮ ಸಂಪ್ರದಾಯದಲ್ಲಿ ಇಲ್ಲದಿಲ್ಲ. ನಮ್ಮ ಹಳ್ಳಿಗಳಲ್ಲಿ ಅಲಾಯಿ ಹಬ್ಬಕ್ಕೆ ಜಾತಿಭೇದವಿಲ್ಲದೆ ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರ ಕರ್ಬಲಾದಲ್ಲಿ ಹುಸೇನರು ಮಡಿದಾಗ ಮಗ ಜೈನುಲ್ ಆಬಿದೀನ್ ಕಾಯಿಲೆ ಬಿದ್ದು ಯುದ್ಧಕ್ಕೆ ಇಳಿಯಲಾಗದೆ ಉಳಿದರು. ಹುಸೇನರ ತಂಗಿ ಜೈನಬ್ ಉಳಿದರು. ಉಳಿದವರು ನಡೆದದ್ದನ್ನು ಹೇಳಿದರು. ಆ ಹೇಳಿಕೆಯೇ ಶತಮಾನಗಳನ್ನು ದಾಟಿ ನಮ್ಮ ಓಣಿಗಳ ಹಾಡಿನವರೆಗೆ ಬಂದಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಗೆದ್ದ ಧರ್ಮರಾಯನೂ ಇದೇ ಹೊರೆ ಹೊತ್ತವನು. ಕರ್ಣ ತನ್ನ ಅಣ್ಣನೆಂದು ಯುದ್ಧದ ನಂತರ ತಿಳಿದು, ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಅವನನ್ನು ಕೂರಿಸಿಕೊಂಡು, ಅವನ ಪ್ರಶ್ನೆಗಳನ್ನೆಲ್ಲ ಕೇಳಿ, ಉದ್ದಕ್ಕೂ ಮಾತನಾಡಿದವನು ಶರಶಯ್ಯೆಯ ಅದೇ ಭೀಷ್ಮ. ದುರ್ಯೋಧನನಿಗೆ ಸಿಕ್ಕಿದ್ದು ಒಂದು ಸಲಹೆ, ಧರ್ಮರಾಯನಿಗೆ ಸಿಕ್ಕಿದ್ದು ಭೀಷ್ಮನ ಕಿವಿ.

ಹರೆಯದವರ ಕಾದಂಬರಿಯೊಂದು ಮಾಡುವ ಕೆಲಸ

ಇದೇ ವಿಷಯದ ಮೇಲೆ ಮಕ್ಕಳಿಗಾಗಿಯೇ ಬರೆದ ಕಾದಂಬರಿಯೊಂದನ್ನು ಪ್ರಶಿಕ್ಷಣಾರ್ಥಿಗಳ ಜೊತೆ ಚರ್ಚಿಸಿದೆ. ಅಮೆರಿಕದ ಕ್ಯಾಥರೀನ್ ಪ್ಯಾಟರ್ಸನ್ ಬರೆದ ‘ಬ್ರಿಜ್ ಟು ಟೆರಾಬಿಥಿಯಾ’ 1977ರಲ್ಲಿ ಬಂತು, 1978ರಲ್ಲಿ ಅದಕ್ಕೆ ನ್ಯೂಬೆರಿ ಪದಕ ಸಿಕ್ಕಿತು. 1974ರಲ್ಲಿ ಲೇಖಕಿಯ ಮಗನ ಗೆಳತಿ, ಪುಟ್ಟ ಹುಡುಗಿ, ಸಿಡಿಲು ಬಡಿದು ತೀರಿಕೊಂಡಿದ್ದಳು. ಆ ಘಟನೆಯೇ ಕಾದಂಬರಿಯ ಮೂಲ.

ಹಳ್ಳಿಯ ಬಡಮನೆಯ ಹುಡುಗ ಜೆಸ್, ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಲೆಸ್ಲಿ. ಇಬ್ಬರೂ ಹಗ್ಗ ಹಿಡಿದು ತೂಗಿ ಹಳ್ಳ ದಾಟಿ, ಆಚೆಯ ಕಾಡಿನಲ್ಲಿ ಕಲ್ಪನೆಯ ರಾಜ್ಯ ಕಟ್ಟುತ್ತಾರೆ. ಒಂದು ದಿನ ಸಂಗೀತದ ಶಿಕ್ಷಕಿ ಜೆಸ್‌ನನ್ನು ಚಿತ್ರಶಾಲೆ ನೋಡಲು ನಗರಕ್ಕೆ ಕರೆದೊಯ್ಯುತ್ತಾರೆ. ಲೆಸ್ಲಿಯನ್ನೂ ಕರೆಯೋಣವೇ ಎಂದು ಅವನು ಕೇಳುವುದಿಲ್ಲ. ಆ ದಿನ ತನ್ನೊಬ್ಬನದೇ ಆಗಿರಲಿ ಎಂಬ ಸಣ್ಣ ಆಸೆ. ಅದೇ ದಿನ ಹಗ್ಗ ಹರಿದು, ಮಳೆಗೆ ತುಂಬಿದ ಹಳ್ಳದಲ್ಲಿ ಲೆಸ್ಲಿ ಸಾಯುತ್ತಾಳೆ. ಜೆಸ್ ಮೊದಲು ನಂಬುವುದಿಲ್ಲ. ಆಮೇಲೆ ಸಿಟ್ಟಾಗುತ್ತಾನೆ, ಲೆಸ್ಲಿ ಉಡುಗೊರೆ ಕೊಟ್ಟ ಬಣ್ಣಗಳನ್ನು ಹಳ್ಳಕ್ಕೆ ಎಸೆಯುತ್ತಾನೆ. ಕೊನೆಗೆ ಹಗ್ಗವಿದ್ದ ಜಾಗದಲ್ಲಿ ಹಲಗೆಯ ಸಂಕ ಕಟ್ಟಿ ತನ್ನ ಪುಟ್ಟ ತಂಗಿಯನ್ನು ಆಚೆಗೆ ಕರೆದೊಯ್ಯುತ್ತಾನೆ.

ಶಿಕ್ಷಕರಾದ ನಾವು ಗಮನಿಸಬೇಕಾದ ಸಂಗತಿಗಳು ಇದರಲ್ಲಿ ಎರಡು. ಜೆಸ್ ಶಾಲೆಗೆ ಬರುವಷ್ಟರಲ್ಲಿ ಲೆಸ್ಲಿಯ ಮೇಜನ್ನು ತರಗತಿಯಿಂದ ತೆಗೆದಿರುತ್ತಾರೆ. ಇಂಥ ಒಳ್ಳೆಯ ಉದ್ದೇಶದ ಅವಸರ ನಮ್ಮ ಶಾಲೆಗಳಲ್ಲೂ ನಡೆಯುತ್ತದೆ. ಎರಡನೆಯದು, ಮಕ್ಕಳು ಗೇಲಿ ಮಾಡುತ್ತಿದ್ದ ಕಟ್ಟುನಿಟ್ಟಿನ ತರಗತಿ ಶಿಕ್ಷಕಿ ಜೆಸ್‌ನನ್ನು ಹೊರಗೆ ಕರೆದು ಒಂದೆರಡು ಮಾತು ಹೇಳುತ್ತಾರೆ. ತಮ್ಮ ಗಂಡ ತೀರಿಕೊಂಡಾಗ ಜನ ಅಳಬೇಡ, ಮರೆತುಬಿಡು ಎಂದರು, ತನಗೆ ಮರೆಯುವ ಮನಸ್ಸಿರಲಿಲ್ಲ ಎನ್ನುತ್ತಾರೆ. ಉಪದೇಶ ಅಷ್ಟಕ್ಕೇ ನಿಲ್ಲುತ್ತದೆ. ಕಾದಂಬರಿಯು ನಿನ್ನ ತಪ್ಪಿಲ್ಲ ಎಂದು ಸಾರುವುದಿಲ್ಲ. ಹುಡುಗನ ಸಣ್ಣ ಆಸೆಯನ್ನು ಮುಚ್ಚಿಡದೆ ತೋರಿಸುತ್ತದೆ. ಆ ಆಸೆಗೂ ಹಗ್ಗ ಹರಿದದ್ದಕ್ಕೂ ಸಂಬಂಧವಿಲ್ಲವೆಂದು ಓದುಗ ತಾನೇ ಕಂಡುಕೊಳ್ಳುತ್ತಾನೆ. ಜೆಸ್‌ನ ವಿಷಯದಲ್ಲಿ ಕಂಡುಕೊಂಡದ್ದನ್ನು ಒಂದಲ್ಲ ಒಂದು ದಿನ ತನ್ನ ವಿಷಯದಲ್ಲೂ ಕಾಣಬಹುದು. ಪಾತ್ರದ ಬಗ್ಗೆ ಮಾತನಾಡುವಾಗ ಮಗು ತನ್ನ ಬಗ್ಗೆ ಮಾತನಾಡಬೇಕಾಗಿಲ್ಲ. ಈ ಅಂತರವೇ ಸಾಹಿತ್ಯದ ತರಗತಿ ಕೊಡಬಲ್ಲ ರಕ್ಷಣೆ.

ಪಾಠಯೋಜನೆಯಲ್ಲಿ ಮಾಡಿದ ಬದಲಾವಣೆ

ಆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಪಾಠವನ್ನು ಮತ್ತೆ ಯೋಜಿಸಿದೆವು. ಅದೇ ತರಗತಿಯಲ್ಲಿ ಅವರಿಗೆ ಇನ್ನೂ ಎರಡು ಅವಧಿಗಳಿದ್ದವು.

ಪೂರ್ವಜ್ಞಾನದ ಹಂತದಲ್ಲಿ ‘ಛಲ ಎಂದರೇನು?’ ಎಂದು ಕೇಳುವುದನ್ನು ಬಿಟ್ಟೆವು. ಅದರ ಬದಲು ರಣಭೂಮಿಯ ನಡಿಗೆಯನ್ನು ಐದು ನಿಮಿಷ ಕಥೆಯಾಗಿ ಹೇಳಿ, ಕಪ್ಪುಹಲಗೆಯಲ್ಲಿ ಒಂದು ಗೆರೆ ಎಳೆದು, ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂದು ಗುರುತಿಸಿ, ಗೆರೆಯ ಕೊನೆಗೆ ಭೀಷ್ಮನನ್ನು ಇಟ್ಟೆವು. ಅಲ್ಲಿಂದ ಪದ್ಯದ ವಾಚನ.

ಅರ್ಥಗ್ರಹಿಕೆಯ ಹಂತದಲ್ಲಿ ದುರ್ಯೋಧನ ಹೇಳುವ ಪ್ರತಿ ಕಾರಣದ ಎದುರು, ಅದನ್ನು ಹೇಳುವಾಗ ಅವನ ಕಣ್ಣ ಮುಂದೆ ಯಾರಿರಬಹುದು ಎಂದು ಜೋಡಿಯಲ್ಲಿ ಕುಳಿತು ಬರೆಯಲು ಹೇಳಿದೆವು. ನಂತರ ಹಲಗೆಯ ಮೇಲೆ ಎರಡು ಅಂಕಣ: ‘ಅವನು ಮಾಡಿದ್ದು’, ‘ಅವನ ಕೈಮೀರಿದ್ದು’. ದ್ಯೂತ ಮೊದಲನೆಯದರಲ್ಲಿ ಬಂತು. ‘ತಮ್ಮನ ನಂತರವೂ ಉಸಿರಾಡುತ್ತಿರುವುದು’ ಎಲ್ಲಿ ಬರಬೇಕೆಂದು ತರಗತಿ ಜಗಳವಾಡಿತು. ಆ ಜಗಳವನ್ನು ಶಿಕ್ಷಕರು ತೀರ್ಮಾನಿಸಬಾರದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು.

ಮೌಲ್ಯಮಾಪನದಲ್ಲಿ ಪಠ್ಯದ ಪ್ರಶ್ನೆಗಳ ಜೊತೆಗೆ ಒಂದು ಪ್ರಶ್ನೆ ಸೇರಿಸಿದೆವು: ‘ಸಂಧಿಯ ಮಾತಿಗೆ ಮೊದಲು ಭೀಷ್ಮ ದುರ್ಯೋಧನನನ್ನು ಏನು ಕೇಳ್ಬೇಕಿತ್ತು ಎಂದು ನಿಮಗೆ ಅನ್ನಿಸುತ್ತದೆ?’ ಇದಕ್ಕೆ ಅಂಕವಿಲ್ಲ, ಓದಿ ಹೇಳುವುದೂ ಕಡ್ಡಾಯವಲ್ಲ, ಬೇಡವಾದರೆ ಬರೆಯದಿರಬಹುದು ಎಂದು ಮೊದಲೇ ಹೇಳಿದರು. ‘ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡ ಅನುಭವ ಬರೆಯಿರಿ’ ಎಂಬಂಥ ಮನೆಗೆಲಸವನ್ನು ಕೊಡಲೇಬಾರದು. ಮಗು ತಾನಾಗಿ ಹೇಳಿದರೆ ಕೇಳಬೇಕು. ತರಗತಿಯ ಎದುರು ಹೇಳಿಸಬಾರದು.

ಇನ್ನು, ಶಿಕ್ಷಕರು ಆಪ್ತ ಸಮಾಲೋಚಕರಲ್ಲ. ನಿದ್ದೆ, ಊಟ, ಹಾಜರಾತಿ ತಿಂಗಳುಗಟ್ಟಲೆ ಕೆಟ್ಟಿದ್ದರೆ, ಮಗು ಸಾಯುವ ಮಾತನಾಡಿದರೆ, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತೇನೆಂದು ಮಾತು ಕೊಡಬಾರದು. ಮುಖ್ಯೋಪಾಧ್ಯಾಯರಿಗೂ ಪಾಲಕರಿಗೂ ಅಂದೇ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ. ಇವು ಪ್ರಶಿಕ್ಷಣಾರ್ಥಿಯ ಪಾಠಯೋಜನೆ ಪುಸ್ತಕದ ಮೊದಲ ಪುಟದಲ್ಲಿ ಇರಲಿ.

ಹಾಳೆಗಳಲ್ಲಿ ಬಂದದ್ದು

ಎರಡನೆಯ ಅವಧಿಯ ಹಾಳೆಗಳನ್ನು ಪ್ರಶಿಕ್ಷಣಾರ್ಥಿ ನನಗೆ ತೋರಿಸಿದರು. ಹೆಚ್ಚಿನವರು ‘ಯುದ್ಧ ಬೇಕೇ ಎಂದು ಕೇಳಬೇಕಿತ್ತು’ ಎಂದು ಬರೆದಿದ್ದರು. ಒಬ್ಬಳು ‘ದಾರಿಯಲ್ಲಿ ಯಾರನ್ನು ನೋಡಿಕೊಂಡು ಬಂದೆ ಎಂದು ಕೇಳಬೇಕಿತ್ತು’ ಎಂದು ಬರೆದಿದ್ದಳು. ಆ ಹುಡುಗನ ಹಾಳೆಯಲ್ಲಿ ಒಂದೇ ಸಾಲು: ‘ಉಂಡಿಯೇನೋ ಅಂತ ಕೇಳಬೇಕಿತ್ತು.’

ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು ಬುತ್ತಿ ತರುತ್ತಾರೆ, ಎದುರು ಕುಳಿತು ಒಂದು ತುತ್ತಾದರೂ ಉಣ್ಣಿಸುತ್ತಾರೆ. ಅದು ದೊಡ್ಡವರಿಗೆ ನಡೆಯುತ್ತದೆ. ಮೂಲೆಯಲ್ಲಿ ನಿಂತ ಹುಡುಗನ ಕಡೆ ಆ ದಿನ ಯಾರ ಗಮನವೂ ಹೋಗಿರಲಿಕ್ಕಿಲ್ಲ. ಪ್ರಶಿಕ್ಷಣಾರ್ಥಿ ಆ ಸಾಲಿನ ಕೆಳಗೆ ‘ಚೆನ್ನಾಗಿದೆ’ ಎಂದು ಬರೆಯಲಿಲ್ಲ. ಮರುದಿನ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅವನ ಪಕ್ಕದಲ್ಲಿ ತಟ್ಟೆ ಹಿಡಿದು ಕುಳಿತರು. ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಖ್ಯೋಪಾಧ್ಯಾಯರು ಅವನ ತಾಯಿಯನ್ನು ಕರೆಸಿ ಮಾತನಾಡಿದರೆಂದು ಆಮೇಲೆ ತಿಳಿಯಿತು.

ಒಂದು ಪಾಠದಿಂದ ಆ ಹುಡುಗನ ಹೊರೆ ಇಳಿಯಿತೆಂದು ನಾನು ಹೇಳುವುದಿಲ್ಲ. ಅವನ ಉತ್ತರಕ್ಕೆ ತರಗತಿಯಲ್ಲಿ ಜಾಗ ಸಿಕ್ಕಿತು, ಅಷ್ಟೆ. ಆ ಮೊದಲ ದಿನದ ವೀಕ್ಷಣಾ ಪುಸ್ತಕದಲ್ಲಿ ನನ್ನ ಷರಾ ಹಾಗೇ ಇದೆ, ಅದನ್ನು ತಿದ್ದಲಾಗದು. ಆದರೆ ಈಗ ನಾನು ಬಳಸುವ ವೀಕ್ಷಣಾ ನಮೂನೆಯ ಕೊನೆಗೆ ಒಂದು ಸಾಲು ಕೈಯಲ್ಲಿ ಬರೆದುಕೊಂಡಿದ್ದೇನೆ: ‘ನಿರೀಕ್ಷಿಸದ ಉತ್ತರ ಬಂದಾಗ ಶಿಕ್ಷಕರು ಏನು ಮಾಡಿದರು?’ ಸಹೋದ್ಯೋಗಿಗಳು ತಮ್ಮ ನಮೂನೆಯಲ್ಲೂ ಇದನ್ನು ಸೇರಿಸಿಕೊಳ್ಳಬಹುದು. ಪ್ರಶಿಕ್ಷಣಾರ್ಥಿಗಳು ಮುಂದಿನ ಸಲ ಈ ಪದ್ಯ ತೆಗೆದುಕೊಂಡಾಗ ಭೀಷ್ಮನ ಹತ್ತಿರ ಹೋಗುವ ಮೊದಲು ಆ ರಣಭೂಮಿಯನ್ನು ಒಮ್ಮೆ ಮಕ್ಕಳೊಂದಿಗೆ ನಡೆದು ಹೋಗಲಿ.